ಮಾಂಟೆವಿಡಿಯೊಗೆ ಆಡಿಯೊ

"ಅಕ್ಕಾ, ಮುಂದಿನ ವಾರ ನಾನು ಮಾಂಟೆವಿಡಿಯೊಗೆ ಹೊರಟಿದೀನಿ."

"ಆಗ್ಲಪ್ಪ. ಮುಗಿದ್ಮೇಲೆ ಲಿಂಕ್ ಕಳ್ಸು, ನೋಡ್ತೀನಿ."

"ಲಿಂಕ್ ಅಲ್ಲಕ್ಕಾ, ಅದು ಊರು! ಉರುಗ್ವೆ ಅನ್ನೋ ದೇಶದ ರಾಜಧಾನಿ. ದಕ್ಷಿಣ ಅಮೆರಿಕ!"

"ಊರಿಗೆ ಯಾರಾದ್ರೂ ವಿಡಿಯೊ ಅಂತ ಹೆಸರಿಡ್ತಾರೇನೋ? ಹಂಗಾದ್ರೆ ಪಕ್ಕದೂರು ಆಡಿಯೊನಾ? ರೀಲು ಬಿಡಬೇಡ, ಒಲೆ ಮೇಲೆ ಹಾಲಿಟ್ಟಿದೀನಿ."

ಫೋನು ಕಟ್ಟಾಯಿತು. ಮಂಚದ ಮೇಲೆ ಹೊಸ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಅದರ ಮುಂದೆ ಎರಡು ಸ್ವೆಟರ್ ಹಿಡಿದು ನಿಂತಿದ್ದವನು, ಎದುರಿಗೆ ಕ್ಯಾಮೆರಾ ಇರುವಂತೆ ಕತ್ತು ವಾರೆ ಮಾಡಿ ಗೋಡೆಗೆ ಹೇಳಿದ: "ನಂಬಿದೋರಿಗೆ ನಾನು ಹೀರೋ, ನಂಬದೋರಿಗೆ ಇಂಟರ್‌ವಲ್ಲು." ಗೋಡೆ ಶಿಳ್ಳೆ ಹೊಡೆಯಲಿಲ್ಲ.

ಅವನನ್ನು ಎಲ್ಲರೂ ರೀಲು ಎಂದೇ ಕರೆಯುತ್ತಿದ್ದರು. ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ ಎಂಬುದು ಆ ಹೆಸರಿಗೆ ಅರ್ಧ ಕಾರಣ. ಉಳಿದರ್ಧ ಅವನ ಸ್ವಂತ ಸಂಪಾದನೆ. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಗಂಟಲಿಗೆ ಇಳಿಸಿಕೊಳ್ಳುತ್ತಿದ್ದ. ಒಮ್ಮೆ ಭಾವನ ಮ್ಯಾನೇಜರನ ದನಿಯಲ್ಲಿ ಭಾವನಿಗೇ ಫೋನ್ ಮಾಡಿ, "ನಿಮಗೆ ವರ್ಗ ಆಗಿದೆ, ಸೋಮವಾರ ಬೆಳಿಗ್ಗೆ ಅಲ್ಲಿರಬೇಕು" ಎಂದಿದ್ದ. ಪಾಪದ ಭಾವ ಸಂಜೆಯವರೆಗೂ ಕೂತು ಗಾಜಿನ ಲೋಟಗಳನ್ನೆಲ್ಲ ಪೇಪರಿನಲ್ಲಿ ಸುತ್ತಿದ್ದ. ಅವತ್ತು ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೊಮ್ಮೆ ಇವನು ನಿಜವಾಗಿಯೂ ಜ್ವರ ಬಂದು ಮಲಗಿದ್ದೀನಿ ಎಂದು ಫೋನ್ ಮಾಡಿದಾಗಲೂ ನಕ್ಕರು.

ಮಾಂಟೆವಿಡಿಯೊದಲ್ಲಿ ಅವನಿಗೊಬ್ಬ ಅಣ್ಣನಿದ್ದ. ಒಡಹುಟ್ಟಿದವನಲ್ಲ. ಅಲ್ಲಿಂದ ಬರುತ್ತಿದ್ದ, ಯಾವ ಜನ್ಮಕ್ಕೂ ಮುಗಿಯದಂತಿದ್ದ ಒಂದು ಧಾರಾವಾಹಿಯಲ್ಲಿ ಶೂ ಅಂಗಡಿ ನಡೆಸುವ ಹಿರಿಯಣ್ಣನ ಪಾತ್ರ ಮಾಡುತ್ತಿದ್ದ ನಟ. ಮೂಲದಲ್ಲಿ ತಮ್ಮಂದಿರು ಅವನನ್ನು ಹೆಸರು ಹಿಡಿದು ಕೂಗುತ್ತಿದ್ದರಂತೆ. ಇಲ್ಲಿ ಹಾಗೆ ಕೂಗಿದರೆ ಕೇಳುವವರಿಗೆ ಕಸಿವಿಸಿಯಾದೀತೆಂದು ಮಾತು ಬರೆಯುವವರು ಎಲ್ಲ ಕಡೆ 'ಅಣ್ಣಾ' ಎಂದು ಹಾಕಿದ್ದರು. ಆ ಅಣ್ಣನಿಗೆ ಇಲ್ಲಿ ದನಿ ಕೊಡುತ್ತಿದ್ದವನು ರೀಲು.

ವರ್ಷಗಟ್ಟಲೆ ಅದೇ ಕೆಲಸ. ದಪ್ಪ ಬಾಗಿಲಿನ ಪುಟ್ಟ ಕೋಣೆ, ಗೋಡೆಗೆಲ್ಲ ಸ್ಪಂಜು, ಮುಂದೆ ಮೈಕು, ಅದರಾಚೆ ಪರದೆ. ಹೆಡ್‌ಫೋನಿನಲ್ಲಿ ಮೊದಲು ಅಣ್ಣನ ಸ್ಪ್ಯಾನಿಷ್ ಬರುತ್ತಿತ್ತು. ಅದರ ಮೇಲೆ ರೀಲು ತನ್ನ ಮಾತನ್ನು ಇಡುತ್ತಿದ್ದ, ಮಲಗಿದವರಿಗೆ ಎಚ್ಚರವಾಗದಂತೆ ಹೊದಿಕೆ ಹೊದಿಸುವ ಹಾಗೆ. ಭಾಷೆ ಒಂದಕ್ಷರ ಬರದಿದ್ದರೂ ಅಣ್ಣನ ಗಂಟಲು ಅವನಿಗೆ ಬಾಯಿಪಾಠವಾಗಿತ್ತು. ಸುಳ್ಳು ಹೇಳುವ ಮೊದಲು ಅಲ್ಲೊಂದು ಸಣ್ಣ 'ಟಕ್' ಆಗುತ್ತಿತ್ತು. ಸಾಯಂಕಾಲ ಬೀಗ ತೆಗೆದು ತನ್ನ ಕೋಣೆಗೆ ಕಾಲಿಟ್ಟೊಡನೆ ರೀಲು ಅಣ್ಣನ ದನಿಯಲ್ಲಿ ಕೇಳಿಕೊಳ್ಳುತ್ತಿದ್ದ: "ಬಂದ್ಯಾ? ಊಟ ಆಯ್ತಾ?" ತಾನೇ ಉತ್ತರಿಸುತ್ತಿದ್ದ: "ಆಯ್ತಣ್ಣ." ಆಗಿರುತ್ತಿರಲಿಲ್ಲ.

ಧಾರಾವಾಹಿ ಮುಗಿಯುತ್ತಿದೆ ಎಂದು ತಿಳಿದ ದಿನ ಅವನು ಸೌಂಡ್ ಇಂಜಿನಿಯರ್ ಮೇಡಂ ಮುಂದೆ ಕೈಕಟ್ಟಿ ನಿಂತ. ಗಾಜಿನಾಚೆ ಕೂತು ಅವನ ದನಿಯನ್ನು ಹಿಡಿಯುವವರು, ರಿಟೈರ್ ಆಗಲು ಹತ್ತಿರವಿದ್ದವರು, ಅವನ ಯಾವ ಮಿಮಿಕ್ರಿಗೂ ನಗದವರು ಅವರೊಬ್ಬರೇ.

"ಮೇಡಂ, ಅಲ್ಲಿಯ ಕಂಪನಿಯೋರ ಹತ್ರ ನೀವು ಫೋನಲ್ಲಿ ಮಾತಾಡ್ತೀರಲ್ಲ. ಒಂದ್ ಮಾತು ಕೇಳಿ. ನಾನು ಹೋದ್ರೆ ಅಣ್ಣ ಸಿಗ್ತಾರಾ ಅಂತ."

"ಯಾರ ದನೀಲಿ ಕೇಳ್ಲಿ? ಮಂತ್ರಿದಾ, ಪೊಲೀಸಿಂದಾ?"

"ತಮಾಷೆ ಅಲ್ಲ ಮೇಡಂ. ನನ್ನ ಪಾಲಿಗೆ ದಿನಾ ಮಾತಾಡೋರು ಅಂದ್ರೆ ಅವ್ರೇ."

ಮೇಡಂ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಫೋನ್ ಮಾಡಿದರು. ಅತ್ತಲಿಂದ ಉತ್ತರ ಬಂತು: ಬರಲಿ, ಯಾವುದಾದರೂ ಶನಿವಾರ ಮಧ್ಯಾಹ್ನ ಮನೆಗೇ ಬರಲಿ, ಖುಷಿ.

ಅಲ್ಲಿಂದ ಶುರುವಾಯಿತು ಅವನ ತಯಾರಿ. ಆ ಊರಿನ ಬಗ್ಗೆ ಅವನಿಗಿದ್ದ ತಿಳಿವಳಿಕೆಯೆಲ್ಲ ಧಾರಾವಾಹಿಯಿಂದ ಬಂದದ್ದು. ಮಧ್ಯಾಹ್ನದ ಬಿಡುವಿನಲ್ಲಿ ಮೇಡಂ ಬ್ರೆಡ್ ತಿನ್ನುತ್ತಿದ್ದರೆ ಇವನು ಮೇಜಿನ ಮೇಲೆ ಬೆರಳಾಡಿಸಿ ದಾರಿ ತೋರಿಸುತ್ತಿದ್ದ.

"ಶೂ ಅಂಗಡಿಯಿಂದ ಎಡಕ್ಕೆ ತಿರುಗಿದ್ರೆ ಮೆಟ್ಟಿಲು ಸಿಗುತ್ತೆ ಮೇಡಂ. ಹತ್ತಿದ್ರೆ ಅಣ್ಣನ ಮನೆ."

"ಅದು ಸೆಟ್ ಕಣೋ ಮಂಗ. ಹತ್ತಿದ್ರೆ ಪ್ಲೈವುಡ್ಡು. ಆಮೇಲೆ ಲೈಟ್ ಬಾಯ್ ಬೈತಾನೆ."

"ಎದುರಿಗೆ ಸಮುದ್ರ ಕಾಣುತ್ತಲ್ಲ, ಅದಾದ್ರೂ ನಿಜ ತಾನೆ? ಓದಿದೆ. ಅದು ಸಮುದ್ರಾನೇ ಅಲ್ವಂತೆ, ನದಿಯಂತೆ. ಆಚೆ ದಡ ಕಾಣ್ಸಲ್ಲ, ಅಷ್ಟು ಅಗಲ."

"ಅಂದ್ರೆ ನದಿ ಸಮುದ್ರಕ್ಕೆ ಡಬ್ಬಿಂಗ್ ಮಾಡ್ತಿದೆ ಅನ್ನು."

ಎಂದೂ ನಗದ ಮೇಡಂ ಜೋಕು ಮಾಡಿದ್ದು ಕೇಳಿ ರೀಲುಗೆ ಕಾಫಿ ನೆತ್ತಿಗೇರಿತು.

ಬಟ್ಟೆಯ ಲೆಕ್ಕಾಚಾರವೂ ಧಾರಾವಾಹಿಯದೇ. ಕೊನೆಯ ಕಂತುಗಳ ತುಣುಕುಗಳು ಮೊದಲು ದನಿಯಿಲ್ಲದೆ ಬಂದಿದ್ದವು. ಅದರಲ್ಲಿ ಅಣ್ಣ ಸ್ವಲ್ಪ ಇಳಿದುಹೋಗಿದ್ದ, ಎಲ್ಲ ದೃಶ್ಯದಲ್ಲೂ ಕುತ್ತಿಗೆಗೆ ಬೂದು ಮಫ್ಲರ್ ಸುತ್ತಿಕೊಂಡಿದ್ದ. "ಅಂಗಡಿ ಒಳಗೂ ಬಿಚ್ಚಲ್ಲ ಅಂದ್ರೆ ಅದೆಂಥಾ ಚಳಿ ಮೇಡಂ!" ಎಂದು ರೀಲು ಆ ಸಂಜೆಯೇ ಎರಡು ಸ್ವೆಟರ್ ತಂದ.

ಇನ್ನು ಅಸಲಿ ವಿಷಯ, ಎಂಟ್ರಿ ಡೈಲಾಗ್. ಒಂದೇ ಒಂದು ವಾಕ್ಯವನ್ನು ಅವನು ಉಜ್ಜಿ ಉಜ್ಜಿ ಹೊಳಪು ಮಾಡಿಟ್ಟುಕೊಂಡಿದ್ದ: "ಶೋ ಸೋಯ್ ತು ವೋಸ್." ನಾನೇ ನಿನ್ನ ದನಿ. ಸ್ಪ್ಯಾನಿಷ್ ಕಲಿಸುವ ಪುಸ್ತಕದಲ್ಲಿ 'ನಾನು' ಎಂಬುದಕ್ಕೆ 'ಯೋ' ಎಂದಿತ್ತು, ಆದರೆ ಅಣ್ಣನ ಊರಲ್ಲಿ ಅದನ್ನು 'ಶೋ' ಎನ್ನುತ್ತಾರೆಂದು ಇವನ ಕಿವಿಗೆ ಗೊತ್ತಿತ್ತು. ಸ್ನಾನ ಮಾಡುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ತುಟಿಯೊಳಗೇ ಅದು ನಡೆಯುತ್ತಿತ್ತು. ಬೆಲ್ ಒತ್ತುವುದು. ಬಾಗಿಲು ತೆರೆಯುವುದು. ಒಂದು ಕ್ಷಣ ಗ್ಯಾಪ್. ಆಮೇಲೆ ಅಣ್ಣನದೇ ದನಿಯಲ್ಲಿ, ಅಣ್ಣನಿಗೇ, "ಶೋ ಸೋಯ್ ತು ವೋಸ್." ಅಣ್ಣ ಬೆಚ್ಚಿಬೀಳುತ್ತಾನೆ, ನಗುತ್ತಾನೆ, ತಬ್ಬಿಕೊಳ್ಳುತ್ತಾನೆ. "ಈ ಸೀನಿಗೆ ಥಿಯೇಟರಲ್ಲಿ ಕುರ್ಚಿ ಮುರೀತವೆ ಮೇಡಂ" ಎನ್ನುತ್ತಿದ್ದ.

ದನಿ ಸಮೇತ ಕೊನೆಯ ಕಂತುಗಳು ಬಂದದ್ದು ಅಕ್ಕನಿಗೆ ಫೋನ್ ಮಾಡಿದ ಮಾರನೆಯ ದಿನ. ರೀಲು ಹೆಡ್‌ಫೋನ್ ಏರಿಸಿದ. ಕೆಂಪು ದೀಪ ಹತ್ತಿತು. ಪರದೆಯ ಮೇಲೆ ಅಣ್ಣ ಚಿಕ್ಕ ತಮ್ಮನಿಗೆ, ಅಂಗಡಿ ಚೆನ್ನಾಗೇ ನಡೀತಿದೆ, ನೀನು ಚಿಂತೆ ಮಾಡಬೇಡ ಎನ್ನುತ್ತಿದ್ದ. ಅದು ಸುಳ್ಳೆಂದು ಹಿಂದಿನ ಕಂತು ನೋಡಿದ ಯಾರಿಗಾದರೂ ಗೊತ್ತು.

'ಟಕ್' ಆಗಲಿಲ್ಲ.

ರೀಲು ಬಾಯಿ ತೆರೆದವನು ಹಾಗೇ ನಿಂತ.

"ಏನಾಯ್ತೋ? ಟೇಕ್ ಹಾಳಾಯ್ತು," ಎಂದರು ಮೇಡಂ ಗಾಜಿನಾಚೆಯಿಂದ.

"ಇದು ಅಣ್ಣ ಅಲ್ಲ."

"ಶುರು ಹಚ್ಕೊಂಡ್ಯಾ?"

"ಅಮ್ಮನಾಣೆ ಮೇಡಂ. ಮುಖ ಅವ್ರದೇ, ದನಿ ಅವ್ರದಲ್ಲ. ಒಂದ್ಸಲ ಕೇಳಿ."

ಅವನ ಮುಖ ನೋಡಿಯೋ ಏನೋ ಮೇಡಂ ಮತ್ತೆ ಹಾಕಿದರು. ತಲೆ ತಗ್ಗಿಸಿ, ಕಣ್ಣು ಮುಚ್ಚಿ ಕೇಳಿದರು. ಹಳೆಯ ಕಂತೊಂದನ್ನು ಹಾಕಿ ಹೋಲಿಸಿದರು.

"ಹೂಂ ಕಣೋ. ಸೆಟ್ಟಲ್ಲಿ ಹಿಡಿದ ದನಿ ಅಲ್ಲ ಇದು, ನಮ್ಮಂಥ ಗೂಡಲ್ಲಿ ಹಿಡಿದಿರೋದು. ಅಲ್ಲೂ ಯಾರೋ ನಿನ್ನಂಥವನು ನಿಂತು ಮಾತಾಡಿದಾನೆ. ಇರು, ಕೇಳ್ತೀನಿ."

ಅವರು ಹೊರಗೆ ಹೋದರು. ಪರದೆಯ ಮೇಲೆ ಅಣ್ಣ ಅರ್ಧ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದ. ಇತ್ತ ರೀಲು, ಅತ್ತ ಅಣ್ಣ, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಉಳಿದರು.

ಮೇಡಂ ವಾಪಸು ಬಂದವರು ತಮ್ಮ ಕುರ್ಚಿಗೆ ಹೋಗಲಿಲ್ಲ. ದಪ್ಪ ಬಾಗಿಲು ತಳ್ಳಿಕೊಂಡು ಅವನ ಗೂಡಿನೊಳಗೇ ಬಂದರು. ಅವರು ಅಲ್ಲಿಗೆ ಬರುವ ರೂಢಿಯಿರಲಿಲ್ಲ.

"ಗಂಟಲಿಗೆ ಆಪರೇಷನ್ ಆಗಿದೆಯಂತೆ ಕಣೋ. ಧ್ವನಿಪೆಟ್ಟಿಗೆ ತೆಗೆದುಬಿಟ್ಟಿದಾರೆ. ಕೊನೇ ಕಂತುಗಳಲ್ಲಿ ಬರೀ ತುಟಿ ಆಡ್ಸಿದಾರೆ. ಮಾತು ಬೇರೆಯೋರ್ದು."

"ಮಫ್ಲರು?"

"ಕುತ್ತಿಗೇಲಿ ಉಸಿರಾಡಕ್ಕೆ ತೂತು ಮಾಡಿರ್ತಾರೆ. ಅದು ಕಾಣ್ದೆ ಇರ್ಲಿ ಅಂತ."

ರೀಲು ಮೈಕಿನ ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಶನಿವಾರ ನೀನು ಬರೋದನ್ನ ಅವ್ರಿಗೆ ಮತ್ತೆ ಹೇಳಿದಾರೆ. ಬರಲಿ ಅಂದ್ರಂತೆ. ಅಂದ್ರು ಅಂದ್ರೆ... ತಲೆ ಆಡ್ಸಿದ್ರಂತೆ. ಕಿವಿ ಚೆನ್ನಾಗಿದೆ. ಮಾತೊಂದಿಲ್ಲ, ಅಷ್ಟೆ."

ಆ ಸಂಜೆ ರೀಲು ಬಸ್ಸು ಹತ್ತಲಿಲ್ಲ, ನಡೆದ. ಮನಸ್ಸಿನಲ್ಲೇ ಮತ್ತೆ ಬೆಲ್ ಒತ್ತಿದ. ಬಾಗಿಲು ತೆರೆಯಿತು. ಅಣ್ಣ ನಿಂತಿದ್ದ, ಕುತ್ತಿಗೆಗೆ ಮಫ್ಲರು. ಆ ಮುಖಕ್ಕೆ, ಆ ಮನುಷ್ಯ ಕಳೆದುಕೊಂಡ ದನಿಯಲ್ಲೇ, ನಾನೇ ನಿನ್ನ ದನಿ ಎಂದು ಹೇಗೆ ಹೊಡೆಯುವುದು? ವಿಲನ್ ಕೂಡ ಅಂಥ ಡೈಲಾಗ್ ಹೊಡೆಯಲಾರ. ದಾರಿಯುದ್ದಕ್ಕೂ ಬೇರೆ ದನಿಗಳನ್ನು ಹಾಕಿ ನೋಡಿದ. ಹೀರೋನದು ಜಾಸ್ತಿಯಾಯಿತು. ಕಾಮಿಡಿಯವನದು ಅಸಹ್ಯವಾಯಿತು. ಮ್ಯಾನೇಜರನದಂತೂ ಬೇಡವೇ ಬೇಡ. ಪಾದರಕ್ಷೆ ಅಂಗಡಿಯ ಗಾಜಿನೆದುರು ಸುಮ್ಮನೆ ಬಾಯಿ ಆಡಿಸುತ್ತ ನಿಂತವನನ್ನು ಒಳಗಿನ ಹುಡುಗಿ ವಿಚಿತ್ರವಾಗಿ ನೋಡಿದಳು. ಹೋಗದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹೋಗುತ್ತಾನೆಂದು ನಂಬಿದವರಾದರೂ ಯಾರಿದ್ದರು?

ಕೋಣೆಯ ಬೀಗ ತೆಗೆದಾಗ ಬಂದ್ಯಾ ಎಂದು ಕೇಳಿಕೊಳ್ಳಲಾಗಲಿಲ್ಲ. ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ."

"ಹೇಳೋ."

ಹೇಳಿದ. ಪೀಠಿಕೆಯಿಲ್ಲ, ಪಂಚ್ ಡೈಲಾಗಿಲ್ಲ. ಊರು ನಿಜ, ಟಿಕೆಟ್ ನಿಜ, ಹಿಂಗೊಬ್ಬರಿದಾರೆ, ಅವರ ಮಾತು ಹೋಯಿತು, ಹೋಗಿ ಅವರಿಗೆ ಏನು ಹೇಳಬೇಕು ಅಂತ ಗೊತ್ತಾಗ್ತಿಲ್ಲ, ಇಲ್ಲಿ ನನಗೂ ಯಾರೂ ಇಲ್ಲ ಅಂತ ಅನ್ನಿಸ್ತಿದೆ. ಹೇಳಿ ಮುಗಿಸಿದ. ಅತ್ತ ಪಾತ್ರೆ ತೊಳೆಯುವ ಸದ್ದು ನಿಂತಿತ್ತು.

"ಇದು ಯಾರ ದನಿಯೋ?" ಅಕ್ಕ ಕೇಳಿದಳು.

"ನಂದೇ ಅಕ್ಕಾ."

"ಹೋಗೋ, ನಿಂದು ನಂಗೊತ್ತಿಲ್ವಾ? ಯಾವ ಪಿಕ್ಚರಿಂದೋ ಗೊತ್ತಾಗ್ತಿಲ್ಲ. ಆದ್ರೂ ಚೆನ್ನಾಗಿ ಮಾಡ್ತೀಯ ಕಣೋ, ಒಂದ್ನಿಮಿಷ ನಿಜಾನೇ ಅನ್ಕೊಂಡೆ."

ರೀಲು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ.

"ಥ್ಯಾಂಕ್ಸ್ ಅಕ್ಕಾ," ಎಂದ.

ಮಾರನೆಯ ದಿನ ಕಟ್ಟಕಡೆಯ ಕಂತು. ಮಾತಿನ ದೃಶ್ಯಗಳೆಲ್ಲ ಮಧ್ಯಾಹ್ನದೊಳಗೆ ಮುಗಿದವು. ರೀಲು ತಪ್ಪಿಲ್ಲದೆ, ತರಲೆಯಿಲ್ಲದೆ ಮಾಡಿದ. ಉಳಿದದ್ದು ಒಂದೇ ದೃಶ್ಯ. ಅಂಗಡಿ ಮುಚ್ಚುವ ಹೊತ್ತು. ಗಿರಾಕಿಗಳಿಲ್ಲ. ಅಣ್ಣ ಒಬ್ಬನೇ ಏಣಿ ಹತ್ತಿ ಡಬ್ಬಿಗಳನ್ನು ಮೇಲಿನ ಹಲಗೆಗೆ ಏರಿಸುತ್ತಾನೆ, ಇಳಿಯುತ್ತಾನೆ, ಕೂರುತ್ತಾನೆ.

"ಇಲ್ಲಿ ಡೈಲಾಗ್ ಇಲ್ಲ," ಮೇಡಂ ಹೇಳಿದರು. "ಏಣಿ ಹತ್ತೋವಾಗ ನಿನ್ನ ಏದುಸಿರು ಹಾಕು, ಮುಗೀತು. ಆಮೇಲೆ ಹೋಗಿ ಟಿಕೆಟ್ ಕ್ಯಾನ್ಸಲ್ ಮಾಡ್ಸೋದಿದ್ರೆ ಮಾಡ್ಸು."

"ಇಲ್ಲ ಮೇಡಂ. ಹೋಗ್ತೀನಿ."

"ಹೋಗಿ ಏನ್ ಮಾಡ್ತೀಯ? ಅವ್ರಿಗೆ ಮಾತಿಲ್ಲ, ನಿಂಗೆ ಭಾಷೆ ಇಲ್ಲ."

"ಕೂತ್ಕೊಳ್ತೀನಿ."

"ನೀನಾ? ಬಾಯ್ಮುಚ್ಕೊಂಡು?"

"ಪ್ರಾಕ್ಟೀಸ್ ಮಾಡ್ಬೇಕು."

ಕೆಂಪು ದೀಪ ಹತ್ತಿತು.

ಅಣ್ಣ ಏಣಿಯ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. ಇಲ್ಲಿ ಮಾತಿಲ್ಲವೆಂದು ಅಲ್ಲಿಯವರೂ ಈ ದೃಶ್ಯಕ್ಕೆ ಕೈ ಹಾಕಿರಲಿಲ್ಲ. ಹೆಡ್‌ಫೋನಿನಲ್ಲಿ ಬೇರೆಯವನ ದನಿಯಿರಲಿಲ್ಲ. ಡಬ್ಬಿಗಳ ಸರಪರ, ಏಣಿಯ ಕಿರ್ ಕಿರ್, ಅದರಡಿಯಲ್ಲಿ ಎಲ್ಲೋ ಮಫ್ಲರಿನ ಹಿಂದಿನಿಂದ ಸೋರುವಂತೆ, ಸಣ್ಣದೊಂದು 'ಹುಸ್'. ತುಸು ತಡೆದು ಮತ್ತೊಂದು.

ಮೇಡಂ ಗಾಜಿನಾಚೆ ಕೈ ಎತ್ತಿ, ಈಗ ಎಂದು ಸನ್ನೆ ಮಾಡಿದರು. ರೀಲು ಮೈಕಿನ ಹತ್ತಿರ ಮುಖ ತಂದ. ತುಟಿ ಬಿಗಿದೇ ಇತ್ತು. ಅವರ ಕೈ ಗಾಳಿಯಲ್ಲೇ ನಿಂತಿತು, ಆಮೇಲೆ ನಿಧಾನವಾಗಿ ಕೆಳಗಿಳಿದು ಬೇರೊಂದು ಗುಂಡಿಯನ್ನು ಹಿಡಿದು, ಮೂಲದ ಸದ್ದನ್ನು ಚೂರು ಚೂರೇ ಮೇಲೇರಿಸಿತು.

ಕೊನೆಯ ಡಬ್ಬಿ ಇಟ್ಟು ಅಣ್ಣ ಇಳಿದ. ಗಿರಾಕಿಗಳು ಕೂರುವ ಉದ್ದನೆಯ ಬೆಂಚಿನ ಒಂದು ತುದಿಯಲ್ಲಿ, ಪಕ್ಕದಲ್ಲಿ ಬೇಕಾದಷ್ಟು ಜಾಗ ಬಿಟ್ಟು, ಕೂತ. ಸದ್ದಿನ ಮಟ್ಟ ತೋರಿಸುವ ಮಾನಿಟರಿನ ಹಸಿರು ಗೆರೆ ಅಣ್ಣನ ಒಂದೊಂದು ಉಸಿರಿಗೂ ಒಂದು ಕೂದಲೆಳೆ ಏರಿ, ಇಳಿಯಿತು.