ಗ್ರೀಸಣ್ಣನ ಪಾಲು

"ತಲೆ ಕಡೆಯೋರು ಎತ್ತಿ, ಕಾಲ ಕಡೆಯೋರು ಇಳಿಸಿ. ಗೋಡೆಗೆ ತಾಗಿಸ್ಬೇಡಿ. ಈಗ ತಿರುಗಿ... ನಿಧಾನ, ನಿಧಾನ."

ಎರಡನೇ ಮಹಡಿಯ ತಿರುವಿನಲ್ಲಿ ಬೆನ್ನನ್ನು ಕಿಟಕಿಗೆ ಒತ್ತಿಕೊಂಡು ನಿಂತ ಗ್ರೀಸಣ್ಣ ಹೇಳುತ್ತಿದ್ದ. ಜನಾಜಾದ ಮಂಚ ಹೊತ್ತ ನಾಲ್ವರೂ ಮರುಮಾತಿಲ್ಲದೆ ಕೇಳುತ್ತಿದ್ದರು. ಇಕ್ಕಟ್ಟಾದ ಮೆಟ್ಟಿಲಲ್ಲಿ ಭಾರ ತಿರುಗಿಸುವ ವಿದ್ಯೆ ಅಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಇನ್ನೊಬ್ಬ ಅವರ ಹೆಗಲ ಮೇಲೆ ಮಲಗಿದ್ದ.

ಇಪ್ಪತ್ತೆಂಟು ವರ್ಷ ಇಬ್ಬರೂ ಸೇರಿ ಲಿಫ್ಟ್ ರಿಪೇರಿ ಮಾಡಿದವರು. ಲಿಫ್ಟಿನ ಮೋಟಾರು ಕೆಟ್ಟರೆ ಅದನ್ನು ಲಿಫ್ಟಿನಲ್ಲಿ ಸಾಗಿಸಲಾಗುವುದಿಲ್ಲ, ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಬೇಕು. ಹಾಗೆ ಹತ್ತಿದ ಮೆಟ್ಟಿಲುಗಳ ಲೆಕ್ಕ ಇಟ್ಟವರಾರು? ಆದರೆ ಸತ್ತವನ ಮನೆ ಇದ್ದದ್ದು ಲಿಫ್ಟೇ ಇಲ್ಲದ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅವನ ಹೆಂಡತಿ ತರಕಾರಿ ಚೀಲ ಹೊತ್ತು ಬಂದಾಗಲೆಲ್ಲ ಅನ್ನುತ್ತಿದ್ದಳು. ಅವನು ನಗುತ್ತಿದ್ದ.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಟೈಮ್‌ಟೇಬಲ್ ಎಂದು. ಹೆಸರಿಟ್ಟವನು ಗ್ರೀಸಣ್ಣನೇ. ಸೇಡು ತೀರಿಸಿಕೊಳ್ಳಲು ಅವನು ಇವನಿಗೆ ಗ್ರೀಸಣ್ಣ ಎಂದು ಹೆಸರಿಟ್ಟ. ಇವನ ಕೈಯ ಗೆರೆಗಳಲ್ಲಿ ಕಪ್ಪು ಹೋಗುವುದೇ ಇಲ್ಲವಲ್ಲ, ಹೆಸರು ಅಂಟಿಕೊಂಡಿತು. ಈಗ ಸ್ವಂತ ಹೆಂಡತಿಯೂ ಹಾಗೇ ಕೂಗುತ್ತಾಳೆ.

ರಂಜಾನಿನ ಹನ್ನೆರಡನೇ ದಿನ. ಟೈಮ್‌ಟೇಬಲ್ ಬೆಳಗಿನ ನಮಾಜು ಮುಗಿಸಿ ಬಂದು, ಕುರಾನಿನ ನಾಲ್ಕು ಪುಟ ಓದಿ, ಎದೆ ಹಿಡಿದ ಹಾಗಿದೆ ಎಂದು ಮಲಗಿದನಂತೆ. ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸಂಜೆ ಉಪವಾಸ ಬಿಡುವ ಮೊದಲು ಮಣ್ಣು ಮಾಡಬೇಕೆಂದು ಹಿರಿಯರು ನಿಶ್ಚಯಿಸಿದರು. ಮೈ ತೊಳೆದು ಬಿಳಿಬಟ್ಟೆ ಸುತ್ತುವಾಗ ಗ್ರೀಸಣ್ಣ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಅದು ನೆಂಟರ ಕೆಲಸ. ನಮಾಜು ಅವರ ಜನರ ಕೆಲಸ. ಕೊನೆಗೆ ಹಾಕುವ ಮೂರು ಹಿಡಿ ಮಣ್ಣು ಮಾತ್ರ ಯಾರು ಬೇಕಾದರೂ ಹಾಕಬಹುದು ಎಂದು ಟೈಮ್‌ಟೇಬಲ್‌ನ ಅಳಿಯ ಹೇಳಿದ್ದ. ಬೆಳಗಿನಿಂದ ಗ್ರೀಸಣ್ಣ ಆ ಮೂರು ಹಿಡಿಯನ್ನೇ ನೆಚ್ಚಿಕೊಂಡಿದ್ದ. ಅವನ ಪಾಲಿಗೆ ಉಳಿದದ್ದು ಅದೊಂದೇ.

ಜನಾಜಾ ಕೆಳಗಿನ ಅಂಗಳಕ್ಕೆ ಇಳಿಯುವುದಕ್ಕೂ ಮೇಲಿನಿಂದ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಆ ಸದ್ದು ಗ್ರೀಸಣ್ಣನಿಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಇಬ್ಬರ ರಿಪೇರಿ ಅಂಗಡಿಯ ಫೋನು ಅದು. ಯಾರ ಪಾಳಿಯೋ ಅವರ ಬಳಿ ಇರುತ್ತದೆ. ನಿನ್ನೆ ಟೈಮ್‌ಟೇಬಲ್ ಕೇಳಿ ಇಸಿದುಕೊಂಡು ಹೋಗಿದ್ದ.

"ನಾಳೆ ಸಂಜೆ ನಂದು. ನೀನು ಮೊಮ್ಮಗಳ ನಾಟಕಕ್ಕೆ ಹೋಗು" ಎಂದಿದ್ದ.

"ಅವಳದು ಮರದ ಪಾತ್ರ ಕಣಯ್ಯ. ಸುಮ್ನೆ ನಿಂತಿರ್ತಾಳೆ."

"ನಿಂತಿರೋದನ್ನೂ ನೋಡೋಕೆ ಯಾರಾದ್ರೂ ಬೇಕಲ್ಲ."

ಟೈಮ್‌ಟೇಬಲ್‌ನ ಮಗಳು ಫೋನು ಹಿಡಿದು ಓಡಿಬಂದಳು. ಅತ್ತು ಅತ್ತು ಮುಖ ಊದಿತ್ತು. "ಚಿಕ್ಕಪ್ಪಾ, ರೈಲು ನಿಲ್ದಾಣದ ಹಿಂದಿನ ಎಂಟಂತಸ್ತಿನ ಕಟ್ಟಡ. ಮಧ್ಯದಲ್ಲೇ ನಿಂತುಬಿಟ್ಟಿದೆಯಂತೆ. ಒಳಗೆ ಇಬ್ಬರಿದಾರಂತೆ."

*

ಟೈಮ್‌ಟೇಬಲ್ ಹುಟ್ಟಿನಿಂದ ಟೈಮ್‌ಟೇಬಲ್ ಆಗಿರಲಿಲ್ಲ. ಮೊದಮೊದಲು ಇಬ್ಬರದೂ ಎತ್ತು ಏರಿಗೆ, ಕೋಣ ನೀರಿಗೆ. ಯಾರು ಎಲ್ಲಿದ್ದಾರೆಂದು ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ.

ಇಪ್ಪತ್ತು ವರ್ಷದ ಹಿಂದಿನ ಒಂದು ರಂಜಾನು. ಅವನು ಮಸೀದಿಯ ಬಾಗಿಲಲ್ಲಿ ಫೋನನ್ನು ಬೂಟಿನೊಳಗೆ ತುರುಕಿ ನಮಾಜಿಗೆ ಹೋದ. ಮುಗಿಸಿ ಬಂದು ನೋಡಿದರೆ ಹದಿನೇಳು ಕರೆ. ಒಂದು ಲಿಫ್ಟು ಕತ್ತಲೆಯಲ್ಲಿ ಸಿಕ್ಕಿಕೊಂಡು ಒಂದು ಗಂಟೆ ದಾಟಿತ್ತು. ಹೋಗಿ ಬಾಗಿಲು ತೆರೆದಾಗ ಒಳಗಿದ್ದದ್ದು ಒಬ್ಬ ವಯಸ್ಸಾದ ನಿವೃತ್ತ ಮೇಷ್ಟ್ರು. ಬೈಯಲಿಲ್ಲ. ಕೈಚೀಲವನ್ನು ಪ್ಯಾಂಟಿನ ಮುಂದೆ ಅಡ್ಡ ಹಿಡಿದುಕೊಂಡು, ತಲೆ ತಗ್ಗಿಸಿ, ಗೋಡೆಗೆ ಅಂಟಿದಂತೆ ನಡೆದುಹೋದರು. ಲಿಫ್ಟಿನ ನೆಲ ಒದ್ದೆಯಾಗಿತ್ತು.

ಅದನ್ನು ಒರೆಸಿದವನು ಟೈಮ್‌ಟೇಬಲ್.

"ಬೈದಿದ್ರೆ ಚೆನ್ನಾಗಿತ್ತು" ಎಂದ ಮಾರನೇ ದಿನ. "ನಾನು ದೇವರ ಮುಂದೆ ನಿಂತಿದ್ದೆ, ಅವರು ಅಲ್ಲಿ ಹಾಗೆ ನಿಂತಿದ್ರು. ನನ್ನ ನಮಾಜು ಯಾವ ಮುಖ ಇಟ್ಕೊಂಡು ಮೇಲೆ ಹೋಗುತ್ತೆ ಹೇಳು. ಅದ್ಸರಿ, ನೀನೆಲ್ಲಿದ್ದೆ?"

"ಸಿನಿಮಾದಲ್ಲಿ."

ಆಮೇಲೆ ಟೈಮ್‌ಟೇಬಲ್ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಾಳಿಯ ಗೆರೆ ಎಳೆಯಲು ಕೂತ.

*

ಅಂಗಳದಲ್ಲಿ ಸಾಲು ಕಟ್ಟಿ ನಿಂತಿದ್ದರು. ಇಮಾಮರು ಆಕಾಶ ನೋಡಿ, "ಸೂರ್ಯ ಯಾರಿಗೂ ಕಾಯಲ್ಲ. ಹೊರಡೋಣ" ಎಂದರು.

ಅಳಿಯ ಗ್ರೀಸಣ್ಣನ ಹತ್ತಿರ ಬಂದ. "ಬೇರೆ ಯಾರಿಗಾದ್ರೂ ಹೇಳಿದ್ರೆ ಆಗಲ್ವಾ ಮಾವ?"

"ಬೇರೆ ಯಾರಿದಾರೆ? ಇರೋದೇ ನಾವಿಬ್ಬರು" ಎಂದ ಗ್ರೀಸಣ್ಣ. ಹೇಳಿದ ಮೇಲೆಯೇ ತಾನು ಹೇಳಿದ್ದೇನೆಂದು ಅವನಿಗೆ ತಿಳಿಯಿತು.

ಅತ್ತ ದರಿ, ಇತ್ತ ಪುಲಿ. ಹೋದರೆ ಎರಡು ಗಂಟೆಗೆ ಕಡಿಮೆಯಿಲ್ಲ. ಅಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿರುತ್ತದೆ. ಇಪ್ಪತ್ತೆಂಟು ವರ್ಷದ ಗೆಳೆಯನಿಗೆ ಮೂರು ಹಿಡಿ ಮಣ್ಣೂ ಹಾಕದವನಾಗುತ್ತೇನೆ. ಒಂದೇ ಒಂದು ದಿನ ಫೋನು ತೆಗೆಯದಿದ್ದರೆ ಯಾರು ಕೇಳುತ್ತಾರೆ? ಸತ್ತವನ ಮನೆಗೆ ಬಂದ ಕರೆ ಇದು. ಸಾವಿಗಿಂತ ದೊಡ್ಡ ನೆಪ ಇನ್ನೇನು ಬೇಕು? ಹೀಗೆಲ್ಲ ಯೋಚಿಸುತ್ತ ಅವನು ಮಗಳ ಕೈಯಲ್ಲಿದ್ದ ಫೋನನ್ನು ನೋಡುತ್ತಲೇ ನಿಂತ. ಅದು ಮತ್ತೆ ಹೊಡೆದುಕೊಂಡಿತು.

ಮೂರನೇ ಮಹಡಿಯ ಕಿಟಕಿಯಿಂದ ಅವಳು, ಅಂದರೆ ಟೈಮ್‌ಟೇಬಲ್‌ನ ಹೆಂಡತಿ, ಕೆಳಗೆ ನೋಡುತ್ತಿದ್ದಳು. ಗ್ರೀಸಣ್ಣ ತಲೆ ಎತ್ತಿದ.

"ಅತ್ತಿಗೆ..."

"ಗೊತ್ತಾಯ್ತು ಗ್ರೀಸಣ್ಣ. ಇವತ್ತಿನ ಸಂಜೆ ಅವರದ್ದೇ ಪಾಳಿ. ಗೋಡೆ ಮೇಲೆ ಬರೆದಿಟ್ಟಿದಾರೆ. ಅದನ್ನ ಬಾಕಿ ಇಟ್ಟು ಅವರನ್ನ ಕಳಿಸ್ಬೇಡಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಗಿ ಬನ್ನಿ. ನಿಮ್ಮ ಪಾಲಿಂದು ಎಲ್ಲೂ ಹೋಗಲ್ಲ."

ಆ ಕೊನೆಯ ಮಾತು ಬಾಯಿ ತಪ್ಪಿ ಬಂದದ್ದೇನೋ. ಇಷ್ಟು ವರ್ಷ ರಂಜಾನಿನ ಸಂಜೆಗಳಲ್ಲಿ ಆಡಿ ಆಡಿ ರೂಢಿಯಾದ ಮಾತು ಅದು.

ಗ್ರೀಸಣ್ಣ ಜನಾಜಾದ ಪಕ್ಕಕ್ಕೆ ಹೋಗಿ, ಮರದ ಹಿಡಿಯನ್ನು ಒಮ್ಮೆ ಮುಟ್ಟಿ, ಸ್ಕೂಟರ್ ಹತ್ತಿದ.

*

ಕ್ಯಾಲೆಂಡರಿನ ಹಿಂಬದಿಯ ಆ ಗೆರೆಗಳು ವರ್ಷ ವರ್ಷಕ್ಕೂ ನಯವಾಗುತ್ತ ಹೋದವು. ಉಪವಾಸದ ತಿಂಗಳಿಗೆ ಮೊದಲಿನ ತಿಂಗಳು ಇಬ್ಬರೂ ಕತ್ತೆಯ ಹಾಗೆ ದುಡಿಯಬೇಕು. ಮೂವತ್ತೊಂದು ಕಟ್ಟಡ, ಎಲ್ಲದರ ಹಗ್ಗ, ಬ್ರೇಕು, ಬಾಗಿಲು ನೋಡಿ ಮುಗಿಸಬೇಕು. ಇನ್ನೊಂದು ತಿಂಗಳಲ್ಲಿ ಕೆಡಬಹುದಾದದ್ದನ್ನು ಈ ತಿಂಗಳೇ ಬದಲಾಯಿಸಬೇಕು. ಹಾಗೆ ಮಾಡಿದರೆ ರಂಜಾನಿನಲ್ಲಿ ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಯುತ್ತದೆ. ಸಂಜೆಯ ಕರೆಗಳು ಗ್ರೀಸಣ್ಣನಿಗೆ. ಗ್ರೀಸಣ್ಣನ ಮನೆಯ ಹಬ್ಬ ಹರಿದಿನಗಳಲ್ಲಿ ಎಲ್ಲ ಕರೆಗಳೂ ಟೈಮ್‌ಟೇಬಲ್‌ಗೆ.

"ಕುರಾನು ಪೂರ್ತಿ ಒಂದು ತಿಂಗಳಲ್ಲಿ ಹೇಗಯ್ಯ ಓದ್ತೀಯ? ನನಗೆ ದಿನಪತ್ರಿಕೆಯೇ ಮುಗಿಯಲ್ಲ" ಎಂದು ಗ್ರೀಸಣ್ಣ ಕೇಳಿದ್ದ.

"ಮೂವತ್ತು ಮಹಡಿ ಕಟ್ಟಡ ಅನ್ಕೋ. ದಿನಕ್ಕೆ ಒಂದು ಮಹಡಿ. ಒಂದೊಂದು ಮಹಡಿಗೆ ಐದು ನಮಾಜು, ಒಂದೊಂದು ನಮಾಜಿಗೆ ನಾಲ್ಕು ಪುಟ. ಯಾವತ್ತೂ ಓಡಬಾರದು, ನಿಲ್ಲಲೂಬಾರದು. ಹಬ್ಬದ ಹೊತ್ತಿಗೆ ಛಾವಣಿ ಬಂದಿರುತ್ತೆ."

ಆ ಲೆಕ್ಕದಲ್ಲಿ ಅವನು ಇವತ್ತು ಹನ್ನೆರಡನೇ ಮಹಡಿಯಲ್ಲಿ ನಿಂತುಬಿಟ್ಟಿದ್ದ.

ಸಂಜೆಯ ಕರೆ ಮುಗಿಸಿ ಗ್ರೀಸಣ್ಣ ಲೆಕ್ಕ ಒಪ್ಪಿಸುವಂತೆ ಅವರ ಮನೆಗೆ ಹೋಗುತ್ತಿದ್ದ. ಎಲ್ಲರೂ ತಿಂದು ಎದ್ದಿರುತ್ತಿದ್ದರು. ಆದರೆ ಮೇಜಿನ ಮೂಲೆಯಲ್ಲಿ ಒಂದು ತಟ್ಟೆ, ಅದರ ಮೇಲೆ ಮಗುಚಿದ ಇನ್ನೊಂದು ತಟ್ಟೆ ಇದ್ದೇ ಇರುತ್ತಿತ್ತು. ಎತ್ತಿದರೆ ಮೂರು ಖರ್ಜೂರ, ಒಂದಕ್ಕೊಂದು ತಾಗದಂತೆ ಇಟ್ಟಿದ್ದು.

"ನಾನು ಉಪವಾಸ ಇಲ್ಲದವನು. ಮಧ್ಯಾಹ್ನ ಹೊಟ್ಟೆ ಬಿರಿಯ ಉಂಡಿದೀನಿ" ಎಂದು ಮೊದಲ ವರ್ಷ ಸಂಕೋಚಪಟ್ಟಿದ್ದ.

"ನಾನು ನಮಾಜಿನ ಸಾಲಿನಲ್ಲಿ ನಿಂತಿದ್ದಾಗ ನೀನು ನನ್ನ ಜಾಗದಲ್ಲಿ ನಿಂತಿದ್ದೆ. ತಿನ್ನು" ಎಂದಿದ್ದ ಅವನು. "ಮೊದಲು ಆ ಕೈ ತೊಳಿ, ಮಾರಾಯ."

*

ಎಂಟಂತಸ್ತಿನ ಕಟ್ಟಡದ ಕಾವಲುಗಾರ ಹೊಸಬ. ಗಾಬರಿಯಲ್ಲಿ ಲಿಫ್ಟಿನ ಬಾಗಿಲು ಬಡಿಯುತ್ತಿದ್ದ. ಐದು ಮತ್ತು ಆರನೇ ಮಹಡಿಯ ನಡುವೆ ಸಿಕ್ಕಿಕೊಂಡಿದ್ದದ್ದು ಒಬ್ಬ ಟ್ಯೂಷನ್ ಟೀಚರು, ಒಬ್ಬ ಗ್ಯಾಸ್ ಸಿಲಿಂಡರಿನವನು, ಮತ್ತೆ ಒಂದು ಸಿಲಿಂಡರು.

"ಬಂದೆ, ಹೆದರ್ಬೇಡಿ!" ಎಂದು ಗ್ರೀಸಣ್ಣ ಬಾಗಿಲ ಸಂದಿಯಲ್ಲಿ ಕೂಗಿದ.

"ಹೆದರಿಲ್ಲ. ಇವರಿಗೆ ಮಗ್ಗಿ ಹೇಳಿಕೊಡ್ತಿದೀನಿ" ಎಂದಿತು ಒಳಗಿನಿಂದ ಟೀಚರ ದನಿ.

ಐವತ್ತೆಂಟರ ಮಂಡಿಗಳು ಎಂಟು ಮಹಡಿ ಹತ್ತಿ ಛಾವಣಿಯ ಯಂತ್ರದ ಕೋಣೆ ತಲುಪಿದವು. ಕರೆಂಟು ತೆಗೆದು, ಬ್ರೇಕು ಬಿಡಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ಇಬ್ಬರೂ ಜೊತೆಗಿದ್ದಾಗ ಒಬ್ಬ ಮೇಲೆ ತಿರುಗಿಸುವುದು, ಒಬ್ಬ ಕೆಳಗೆ ಬಾಗಿಲು ತೆರೆಯುವುದು. "ಸಾಕು!" ಎಂದು ಕೆಳಗಿನಿಂದ ಬರುವ ದನಿ ಯಾರದೆಂದು ಯೋಚಿಸಬೇಕಾದ ಪ್ರಸಂಗವೇ ಇರುತ್ತಿರಲಿಲ್ಲ. ಇವತ್ತು ಕಾವಲುಗಾರನ ಕೈಗೆ ಬಾಗಿಲ ಕೀಲಿ ಕೊಟ್ಟಿದ್ದ. ಅವನು "ಸಾಕು ಸಾಕು ಸಾಕು!" ಎಂದು ಮೂರು ಸಲ ಕೂಗಿದ. ಟೈಮ್‌ಟೇಬಲ್ ಒಂದೇ ಸಲ ಕೂಗುತ್ತಿದ್ದ.

ಇಬ್ಬರೂ ಹೊರಬಂದರು. ಗ್ರೀಸಣ್ಣ ಗಡಿಯಾರ ನೋಡಿದ. ಈಗ ಲಿಫ್ಟು ಕೆಟ್ಟಿದೆ ಎಂದು ಬೋರ್ಡು ತಗುಲಿಸಿ ಓಡಿದರೆ ಕೊನೆಯ ಹಿಡಿಗಾದರೂ ಸಿಗಬಹುದು. ಅಷ್ಟರಲ್ಲಿ ಕೆಳಗಿನಿಂದ ಕಾವಲುಗಾರ ಕೂಗಿದ: "ಸಾರ್, ಏಳನೇ ಮಹಡಿ ಅಜ್ಜಿ ಇಲ್ಲಿ ಕೆಳಗೆ ಗಾಲಿಕುರ್ಚಿಯಲ್ಲಿ ಕಾಯ್ತಿದಾರೆ. ಮನೇಲಿ ಮಾತ್ರೆ ಇದೆಯಂತೆ, ಉಪವಾಸ ಬಿಡೋ ಹೊತ್ತಿಗೆ ಬೇಕಂತೆ."

ಗ್ರೀಸಣ್ಣ ಯಾರಿಗೆಂದಿಲ್ಲದೆ ಒಂದು ಬೈಗುಳ ಬೈದ. ಆಮೇಲೆ ದೋಷ ಎಲ್ಲಿದೆಯೆಂದು ಹುಡುಕಲು ತಿರುಗಿದ. ಗೋಡೆಯ ಮೇಲೆ ಸರ್ವಿಸ್ ಕಾರ್ಡು ತೂಗುತ್ತಿತ್ತು. ಕಳೆದ ತಿಂಗಳ ತಾರೀಖು, ಟೈಮ್‌ಟೇಬಲ್‌ನ ಗುಂಡು ಗುಂಡಾದ ಅಕ್ಷರ: "ಹಗ್ಗ ಸರಿ. ಬ್ರೇಕು ಸರಿ. ಬಾಗಿಲು ಸರಿ. ನಿಂತರೆ ಮೊದಲು ಬಾಗಿಲ ಜಾಡಿನಲ್ಲಿ ಖರ್ಜೂರದ ಬೀಜ ನೋಡು. ನಮ್ಮವರದ್ದೇ ಕೆಲಸ ಆಗಿರುತ್ತೆ."

ಗ್ರೀಸಣ್ಣ ಒಂದೊಂದೇ ಮಹಡಿ ಇಳಿಯುತ್ತ, ಬಾಗಿಲು ಸರಿಯುವ ಜಾಡಿನಲ್ಲಿ ಬೆರಳಾಡಿಸುತ್ತ ಬಂದ. ಐದನೇ ಮಹಡಿಯಲ್ಲಿ ಸಿಕ್ಕಿತು. ಒಂದೇ ಒಂದು ಬೀಜ. ಬಾಗಿಲು ಕೂದಲೆಳೆಯಷ್ಟು ತೆರೆದೇ ಉಳಿದಿತ್ತು, ಅಷ್ಟಕ್ಕೇ ಲಿಫ್ಟು ನಿಂತಿತ್ತು. ಅವನಿಗೆ ನಗು ಬಂತು. ನಗುತ್ತಿದ್ದ ಹಾಗೇ ಅಳುವೂ ಬಂತು. ಐದನೇ ಮಹಡಿಯ ಮೆಟ್ಟಿಲ ಮೇಲೆ ಕೂತು, ಗ್ರೀಸು ಕೈಯಲ್ಲೇ ಮುಖ ಮುಚ್ಚಿಕೊಂಡು, ಬೆಳಗಿನಿಂದ ತಡೆದಿದ್ದನ್ನೆಲ್ಲ ಅತ್ತ.

ಅಜ್ಜಿಯನ್ನು ತಾನೇ ಏಳನೇ ಮಹಡಿಗೆ ಬಿಟ್ಟ.

"ಇನ್ನೊಬ್ರು ಬರಲಿಲ್ವಾಪ್ಪ ಇವತ್ತು?" ಎಂದಳು ಅಜ್ಜಿ.

"ಅವರ ಪಾಳಿಗೇ ಬಂದಿದೀನಿ ಅಜ್ಜಿ" ಎಂದ.

*

ದಾರಿಯಲ್ಲೇ ಸಂಜೆಯ ಬಾಂಗು ಕೇಳಿಸಿತು. ರಸ್ತೆ ಒಮ್ಮೆಲೇ ಖಾಲಿಯಾಯಿತು. ಇನ್ನು ಅವಸರವಿಲ್ಲ ಎಂದು ಗ್ರೀಸಣ್ಣ ಸ್ಕೂಟರ್ ನಿಧಾನ ಮಾಡಿದ.

ಖಬರಸ್ಥಾನದ ಗೇಟು ತೆರೆದಿತ್ತು. ಜನ ಉಪವಾಸ ಬಿಡಲು ಹೋಗಿಯಾಗಿತ್ತು. ಗುಂಡಿ ತೋಡುವವನೊಬ್ಬ ಕಟ್ಟೆಯ ಮೇಲೆ ಕೂತು ಬಾಟಲಿಯಲ್ಲಿ ನೀರು ಕುಡಿಯುತ್ತಿದ್ದ. ಹೊಸ ಮಣ್ಣಿನ ದಿಬ್ಬ ದೂರದಿಂದಲೇ ಕಂಡಿತು. ಅಚ್ಚುಕಟ್ಟಾಗಿ ಏರಿಸಿ, ಮೇಲೆ ನೀರು ಚಿಮುಕಿಸಿ ಮುಗಿಸಿದ್ದರು. ಸುತ್ತಲ ನೆಲವನ್ನೂ ಗುಡಿಸಿದಂತಿತ್ತು. ಹಿಡಿ ಮಣ್ಣೂ ಉಳಿದಿರಲಿಲ್ಲ.

ಗ್ರೀಸಣ್ಣ ಚಪ್ಪಲಿ ಬಿಟ್ಟು ದಿಬ್ಬದ ಬಳಿ ಹೋದ.

"ನೀವೇನಾ ಗ್ರೀಸಣ್ಣ?" ಎಂದು ಗುಂಡಿ ತೋಡುವವನು ಕಟ್ಟೆಯಿಂದಲೇ ಕೇಳಿದ.

"ಹೌದು."

"ಎಲ್ಲಾ ಮಣ್ಣೂ ಎಳೆದು ಮುಗಿಸೋಕೆ ಹೊರಟಿದ್ದೆ. ಮನೆಯಿಂದ ಅಮ್ಮಾವ್ರು ಅಳಿಯನಿಗೆ ಫೋನ್ ಮಾಡಿ ನಿಲ್ಲಿಸಿದ್ರು. ಅಲ್ಲಿ, ತಲೆ ಕಡೆ ನೋಡಿ. ನಿಮ್ಮದು ಮುಚ್ಚಿಟ್ಟಿದೀನಿ."

ದಿಬ್ಬದ ತಲೆಯ ಬದಿಗೆ ಮಣ್ಣು ಹೊರುವ ಕಬ್ಬಿಣದ ಬಾಂಡ್ಲಿಯೊಂದು ಮಗುಚಿಕೊಂಡಿತ್ತು. ಗ್ರೀಸಣ್ಣ ಅದರ ಪಕ್ಕ ಮಂಡಿಯೂರಿದ. ಕೈ ನೋಡಿಕೊಂಡ. ಪ್ಯಾಂಟಿಗೆ ಒರೆಸಿದ, ಹೋಗಲಿಲ್ಲ.

"ಕೈ ತೊಳ್ಕೋಬೇಕಿತ್ತು" ಎಂದ.

"ಮಣ್ಣು ಮುಟ್ಟೋಕೆ ಏನ್ರೀ ಕೈ ತೊಳೆಯೋದು?" ಎಂದ ಅವನು, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ.

ಗ್ರೀಸಣ್ಣ ಬಾಂಡ್ಲಿ ಎತ್ತಿದ. ಕೆಳಗೆ ಮೂರು ಹಿಡಿ ಮಣ್ಣು, ಒಂದಕ್ಕೊಂದು ತಾಗದಂತೆ, ಇನ್ನೂ ಹಸಿಯಾಗಿಯೇ ಇತ್ತು.