ಕಂಪನಿ ಬೀಜ

ಶಾಲು ಹೊದಿಸಿಯೇಬಿಟ್ಟರು. ಬೇಡ ಅನ್ನುವುದರೊಳಗೆ ಚಪ್ಪಾಳೆಯೂ ಬಿದ್ದುಹೋಯಿತು. ಕತ್ತು ಕೆರೆಯುವ ಜರಿಯಂಚಿನೊಳಗೆ ಇನ್ನಾಸಪ್ಪ, ಒಲ್ಲದ ಮದುವೆಯ ವರನಂತೆ, ನೆಲ ನೋಡುತ್ತ ನಿಂತ.

ರಾಣೆಬೆನ್ನೂರಿನ ಆ ಸಣ್ಣ ಚರ್ಚಿನಲ್ಲಿ ಅವತ್ತು ಮಿಷನ್ ಭಾನುವಾರ. ದೂರದ ಕಾಡುಗಳಲ್ಲಿ ದುಡಿಯುವ ಫಾದರು, ಸಿಸ್ಟರುಗಳಿಗೆ ಜನ ಕೈಲಾದದ್ದು ಕೊಡುವ ದಿನ. ಹೋದ ವರ್ಷ ಇದೇ ದಿನ ಅವನು ತಾನು ಕೆಲಸಕ್ಕಿದ್ದ ಬೀಜದ ಕಂಪನಿಯಿಂದ ಗೋವಿನಜೋಳದ ಚೀಲಗಳನ್ನು ಕೊಡಿಸಿದ್ದ. ಮಾರಾಟವಾಗದೆ ಉಳಿದ ಬೀಜ. ಕಂಪನಿಗೆ ಗೋದಾಮು ಖಾಲಿಯಾಯಿತು, ಅವನಿಗೆ ಪುಣ್ಯ ಬಂತು. ಅವನ ಅಕ್ಕ ಸಿಸ್ಟರ್ ರೆಜಿನಾ ಆ ಚೀಲಗಳನ್ನು ರೈಲಿಗೆ ಹೇರಿ, ದೋಣಿಗೆ ಹೇರಿ, ಈಶಾನ್ಯದ ಯಾವುದೋ ನದಿದಂಡೆಯ ತನ್ನ ಕಾಡೂರಿಗೆ ಒಯ್ದಿದ್ದಳು. ಈಗ ಫಲ ಹೇಳಲು ಬಂದಿದ್ದಾಳೆ.

“ಒಂದೊಂದು ತೆನಿ ಹಿಂಗಿತ್ತು ನೋಡ್ರಿ!” ಅಕ್ಕ ಮೊಣಕೈ ಹಿಡಿದು ತೋರಿಸಿದಳು. “ಅಂಥಾ ತೆನಿ ಅವರು ಜನ್ಮದಾಗ ಕಂಡಿದ್ದಿಲ್ಲ. ದೊಡ್ಡ ದೊಡ್ಡವು ಆರಿಸಿ ಒಲಿ ಮ್ಯಾಲೆ ಕಟ್ಟ್ಯಾರ, ಬರೋ ಸಲ ಬಿತ್ತಾಕ. ಇನ್ನ ನನ್ನ ತಮ್ಮನ ಹಂಗೂ ಅವರಿಗೆ ಬ್ಯಾಡ!”

ಜನ ನಕ್ಕರು. ಇನ್ನಾಸಪ್ಪ ತಟ್ಟನೆ ತಲೆಯೆತ್ತಿದ.

ಬಿತ್ತಾಕ? ಅಯ್ಯೋ ದೇವರೇ, ಬಿತ್ತಾಕ!

ಕಂಪನಿ ಬೀಜ ಹೈಬ್ರಿಡ್, ಒಂದೇ ಬೆಳೆಗೆ. ಅದರ ಕಾಳನ್ನೇ ತಿರುಗಿ ಬಿತ್ತಿದರೆ ಒಂದು ಗಿಡ ಆಳೆತ್ತರ, ಇನ್ನೊಂದು ಮೊಣಕಾಲುದ್ದ; ತೆನೆ ಬೊಚ್ಚುಬಾಯಿ. ಇದನ್ನು ಅವನು ಅಕ್ಕನಿಗೆ ಹೇಳಿರಲಿಲ್ಲ. ಯಾಕೆ ಹೇಳಬೇಕು? ಇಲ್ಲಿಂದ ಬ್ಯಾಡಗಿ, ಹಾವೇರಿಯ ತನಕ ಗೋವಿನಜೋಳದ ಬೀಜವನ್ನು ಮನೆಯಲ್ಲಿ ಹಿಡಿದಿಡುವ ರೈತ ಯಾರಿದ್ದಾನೆ? ಬಸ್ಸಿಗೆ ಟಿಕೆಟ್ ತೆಗೆಸಿದ ಹಾಗೆ ವರ್ಷವರ್ಷವೂ ಅಂಗಡಿಗೆ ಹೋಗುತ್ತಾರೆ. ನಿನ್ನೆಯ ಟಿಕೆಟ್ ಇವತ್ತು ನಡೆಯುವುದಿಲ್ಲ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ? ಅಂಗಡಿಯೇ ಇಲ್ಲದ ಊರೂ ಒಂದಿರುತ್ತದೆಂದು ಎಂ.ಎಸ್ಸಿ. ಓದಿದ ಈ ತಲೆಗೆ ಹೊಳೆದೇ ಇರಲಿಲ್ಲ.

“ಬಿತ್ತಿದಂಗ ಬೆಳಿ, ಹೌದಿಲ್ರಿ?” ಫಾದರ್ ಮೈಕಿನಲ್ಲಿ ಕೇಳಿದರು.

“ಹೌದ್ರಿ” ಎಂದಿತು ಸಭೆ.

“ಇನ್ನಾಸಪ್ಪನವ್ರ, ಎರಡು ಮಾತಾಡ್ರಿ.”

ಹೇಳಬೇಕು, ಈಗಲೇ ಹೇಳಿಬಿಡಬೇಕು. ಮುಂದಿನ ಸಾಲಿನಲ್ಲಿ ಅಕ್ಕ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಎಲ್ಲಾ ದೇವರ ದಯಾ” ಎಂದ. ದೇವರನ್ನು ನಂಬುವುದು ಬಿಟ್ಟು ಬಹಳ ಕಾಲವಾಗಿತ್ತು. ಇಂಥ ಹೊತ್ತಿಗೆ ಮಾತ್ರ ಆತ ಉಪಯೋಗಕ್ಕೆ ಬರುತ್ತಿದ್ದ.

ಮನೆಯಲ್ಲಿ ಊಟಕ್ಕೆ ಕೂತಾಗ ಅನ್ನ ಕಲಸುತ್ತಲೇ ಇದ್ದ.

“ಯಾಕ, ಉಣವಲ್ರಿ?” ಎಂದಳು ಹೆಂಡತಿ ನಿರ್ಮಲಾ.

“ಹಸಿವಿಲ್ಲ.”

“ಸನ್ಮಾನದಾಗ ಹೊಟ್ಟಿ ತುಂಬೇತೇನು!”

ಅಕ್ಕ ನಗಲಿಲ್ಲ. ರೊಟ್ಟಿ ಮುರಿಯುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದಳು: “ಇಪ್ಪತ್ತು ವರ್ಷಾತು ತಮ್ಮಾ. ಔಷಧ ಅಂದೆ, ಸಾಲಿ ಅಂದೆ, ಪ್ರಾರ್ಥನಿ ಅಂದೆ. ಆ ಊರವರು ಹೂಂ ಅಂತಿದ್ರು, ತಮಗ ಬೇಕಾದಂಗ ಇರ್ತಿದ್ರು. ಈಗ ಮೊದಲನೇ ಸಲ ನನ್ನ ಮಾತು ನಂಬಿದ್ರು.”

ಅವನು ಮಜ್ಜಿಗೆ ಕುಡಿದು ಎದ್ದ. ಹೇಳಿದರೆ ಅಕ್ಕನ ಇಪ್ಪತ್ತು ವರ್ಷ ಹೋಗುತ್ತದೆ. ಹೇಳದಿದ್ದರೆ ಆ ಊರಿನ ಬರುವ ವರ್ಷದ ಅನ್ನ. ಎಂಥ ಅಸಹ್ಯದ ಲೆಕ್ಕ ಹಾಕುತ್ತಿದ್ದೇನೆ ಎನಿಸಿತು. ಆದರೂ ಹಾಕುತ್ತಲೇ ಇದ್ದ.

ಅಕ್ಕನನ್ನು ಕಳಿಸಲು ಹೋದವನು, ಸ್ಟೇಷನ್ನಿನಲ್ಲಿ ರೈಲು ಬರುವ ಕೂಗು ಕೇಳಿದ ಮೇಲೆ ಬಾಯಿ ಬಿಟ್ಟ. ಜವಾಬಿಗೆ ಹೆಚ್ಚು ವೇಳೆ ಉಳಿಯಬಾರದೆಂದೇ ಅಷ್ಟು ತಡಮಾಡಿದ್ದ, ಅದು ಅವನಿಗೂ ಗೊತ್ತಿತ್ತು.

“ಅಕ್ಕಾ, ಒಲಿ ಮ್ಯಾಲಿನ ತೆನಿ ಬಿತ್ತಬ್ಯಾಡ್ರಿ ಅನ್ನು.”

“ಯಾಕ?”

“ಎರಡನೇ ಸಲ ಹಂಗ ಬರಂಗಿಲ್ಲ. ಬೆಳಿ ಕೆಡತೈತಿ. ತಮ್ಮ ಹಳೇ ಬೀಜಾನ ಬಿತ್ತಲಿ.” ಪ್ರತಿ ವರ್ಷ ಹೊಸದು ಕಳಿಸುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. ಪ್ರತಿ ವರ್ಷ ಗೋದಾಮಿನಲ್ಲಿ ಬೀಜ ಉಳಿಯುವುದಿಲ್ಲ.

ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಕೈಚೀಲದಿಂದ ಒಂದು ಬಟ್ಟೆಗಂಟು ತೆಗೆದು ಅವನ ಕೈಯಲ್ಲಿಟ್ಟಳು.

“ನಿನಗ ಅಂತ ಕೊಟ್ಟಿದ್ರು. ಹೊಂಡೂ ಹೊತ್ತಿಗೆ ಕೊಡೂಣಂತ ಇಟ್ಟಿದ್ದೆ.”

ಬಿಚ್ಚಿದ. ಹುರಿದ ಗೋವಿನಜೋಳ. ಕೆಂಪು, ಕಪ್ಪು, ನೇರಳೆಯ ಸಣ್ಣ ಕಾಳು; ಇಂಥವನ್ನು ಅವನು ಪಠ್ಯಪುಸ್ತಕದ ಚಿತ್ರದಲ್ಲಷ್ಟೇ ಕಂಡಿದ್ದ.

“ಹಳೇ ಬೀಜ” ಎಂದಳು ಅಕ್ಕ. “ಹೆಂಗಸರೆಲ್ಲಾ ಕೂಡಿ ಹುರಿದ್ರು. ಊರೆಲ್ಲಾ ತಿಂದು, ಮಿಕ್ಕಿದ್ದು ನಿನಗ ಕಟ್ಟ್ಯಾರ.”

“ಎಲ್ಲಾನೂ?”

“ಒಬ್ಬಾಕಿ ಮುದುಕಿ ಒಂದೀಟು ಇಟಗೊಳ್ಳಾ ಅಂತ ಕೇಳಿದ್ಲು.” ಅಕ್ಕ ಹಳಿಯ ಕಡೆ ತಿರುಗಿದಳು. “ಯಾಕ ಬೇಕು, ಹುರೀರಿ ಅಂದೆ. ನಾನ ಅಂದೆ.”

ರೈಲು ಬಂತು. ಅಕ್ಕ ಹತ್ತಿದಳು. ಕಿಟಕಿಯಲ್ಲಿ ಅವಳ ಮುಖ ಕಾಣಲಿಲ್ಲ. ಅವನು ಹುಡುಕಲೂ ಇಲ್ಲ.

ಜನ ಚೆದುರಿದ ಮೇಲೆ ಬೆಂಚಿನ ಮೇಲೆ ಗಂಟು ಹರಡಿಕೊಂಡು ಕೂತ. ಒಂದೊಂದೇ ಕಾಳನ್ನು ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟ. ಸಿಡಿದದ್ದು, ಕರಕಾದದ್ದು, ಬಿರಿದದ್ದು. ಚೆನ್ನಾಗಿ ಹುರಿದಿದ್ದರು, ಪಾಪ, ಪ್ರೀತಿಯಿಂದ. ಕೊನೆಗೆ ತಳದಲ್ಲಿ ಒಂದು ನೇರಳೆ ಕಾಳು ಸಿಕ್ಕಿತು. ಸಿಪ್ಪೆ ಬಿರಿದಿರಲಿಲ್ಲ, ಮೈ ಮಿರುಗುತ್ತಿತ್ತು. ಬಾಣಲೆಯ ಅಂಚಿನಲ್ಲಿ ತಪ್ಪಿಸಿಕೊಂಡಿತ್ತೋ ಏನೋ. ಬೆರಳುಗಳ ನಡುವೆ ಹೊರಳಿಸಿದ. ಹಸಿಯೋ, ಹುರಿದದ್ದೋ? ಹಸಿಯಾದರೆ ಇನ್ನೂ ಮೊಳೆತೀತು.

ಬೀಜದ ಕೆಲಸದವರಿಗೆ ಒಂದು ಚಾಳಿ: ಅನುಮಾನದ ಕಾಳನ್ನು ಹಲ್ಲಿಗೆ ಕೊಟ್ಟು ನೋಡುವುದು. ಯೋಚಿಸುವ ಮೊದಲೇ ಕಟ್ಟೆಂದು ಕಡಿದಿದ್ದ.

ಅಂಗೈಗೆ ಉಗುಳಿಕೊಂಡ. ಎರಡು ಹೋಳು. ಒಳಗೆ ಬೆಳ್ಳಗೆ, ಹಸಿ.