ಒಲೆಯ ತೊಲೆಯೊಳಗಿನ ಬೂಟು

ದುಡ್ಡಿದ್ದವರ ಹುಚ್ಚೂ ದೊಡ್ಡದೇ. ಕುವೈತಿನ ವ್ಯಾಪಾರಿಯೊಬ್ಬ ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಕುಸಿಯುತ್ತಿದ್ದ ನಾನೂರು ವರ್ಷದ ಹಳ್ಳಿಮನೆಯೊಂದನ್ನು ಕೊಂಡು, ಅದರ ಮರವನ್ನೆಲ್ಲ ಬಿಚ್ಚಿಸಿ ಹಡಗು ಹತ್ತಿಸಿದ್ದ. ತನ್ನ ತೋಟದಲ್ಲಿ ಅದನ್ನು ಮತ್ತೆ ನಿಲ್ಲಿಸುವ ಮೊದಲು ಕುವೈತಿನದೇ ಕಾರ್ಖಾನೆಗಳ ಬಡಾವಣೆ ಶುವೈಖಿನ ಶೆಡ್ಡೊಂದರಲ್ಲಿ ಜೋಡಿಸಿ ನೋಡುವ ಕೆಲಸ ಅಲ್ಲಿ ಬಡಗಿಯಾಗಿದ್ದ ಮೂಲ್ಕಿಯ ಸುಕುಮಾರ ಆಚಾರಿಯ ಪಾಲಿಗೆ ಬಂತು.

ಸುಕುಮಾರ ಆ ಮನೆಗೆ ಮನಸೋತ. ಹುಡುಕಿದರೂ ಒಂದು ಮೊಳೆ ಇಲ್ಲ. ಕಂಬ, ತೊಲೆ, ಓರೆಗಂಬ ಎಲ್ಲ ಓಕ್ ಮರ. ಒಂದರ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಮರದ ಗೂಟ ಹೊಡೆದದ್ದು. ಮೇಲುಮಾಳಿಗೆ ಕೆಳಗಿನ ಗೋಡೆಗಿಂತ ಒಂದು ಮೊಳ ಮುಂದಕ್ಕೆ ಚಾಚುತ್ತಿತ್ತು. ಯಾವ ತುಂಡು ಎಲ್ಲಿಗೆಂದು ಆ ಕಾಲದ ಬಡಗಿ ಉಳಿಯಲ್ಲಿ ಗೀರಿದ ಗುರುತುಗಳೂ ಮಾಸಿರಲಿಲ್ಲ.

ಒಲೆಯ ಮೇಲಿನ ದೊಡ್ಡ ತೊಲೆ ಏರಿಸುವ ದಿನ ಊರಿನ ಪದ್ಧತಿಯಂತೆ ಗಂಧ ಹಚ್ಚಿ ಕಾಯಿ ಒಡೆಯಲು ಹೊರಟ. ತೊಲೆ ಒರೆಸುವಾಗ ಬೆಣೆಯೊಂದು ಕಳಚಿ ಬಿತ್ತು. ಒಳಗಿನ ಪೊಟರೆಯಲ್ಲಿ ಮಗುವಿನ ಒಂಟಿ ಬೂಟು! ಹತ್ತು ವರ್ಷ ಹರಕೆ ಹೊತ್ತು ಪಡೆದ ಒಬ್ಬಳೇ ಮಗಳು ಅನ್ವಿತಾಳ ಕಾಲಿನಷ್ಟೇ ಇತ್ತು. ಪೂಜೆಯ ತೊಲೆಯಲ್ಲಿ ಕಾಲಿಗೆ ಹಾಕುವ ಚರ್ಮವೇ ಎಂದು ಸುಕುಮಾರನಿಗೆ ಮೈಯೆಲ್ಲ ಉರಿಯಿತು. ಹೊರಗೆಲ್ಲಾದರೂ ಎಸೆಯೋಣವೆಂದು ಕಾಗದದಲ್ಲಿ ಸುತ್ತಿ ತನ್ನ ಕಾರಿನ ಡಿಕ್ಕಿಗೆ ಹಾಕಿದವನು ಮರೆತೇಬಿಟ್ಟ.

ಮರುದಿನದಿಂದ ಸದ್ದು ಶುರುವಾಯಿತು. ಮೇಲುಮಾಳಿಗೆಗೆ ಇನ್ನೂ ಹಲಗೆಯನ್ನೇ ಹಾಸಿರಲಿಲ್ಲ. ಆದರೂ ಅಲ್ಲಿ ಯಾರೋ ನಡೆಯುತ್ತಿದ್ದರು. ಟಕ್, ತಪ್. ಟಕ್, ತಪ್. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು.

“ಮಳೆ ಕುಡಿದ ಮರ ಅದು, ಸುಕುಮಾರಣ್ಣ. ಇಲ್ಲಿಯ ಸೆಕೆಗೆ ಒಣಗಿ ಸದ್ದು ಮಾಡ್ತದೆ” ಎಂದು ಊರಿನ ಕಡೆಯವನೇ ಆದ ಎಂಜಿನಿಯರ್ ಕ್ಲಿಫರ್ಡ್ ನಕ್ಕ. ಸುಕುಮಾರನೂ ಹೌದೆಂದ. ಆದರೆ ಆ ಮಾಳಿಗೆಯ ಕೆಳಗೆ ಒಬ್ಬನೇ ನಿಲ್ಲುವುದನ್ನು ಬಿಟ್ಟ.

ಗುರುವಾರ ಸದ್ದು ನಿಂತೇಹೋಯಿತು. ಸದ್ಯ, ಪೀಡೆ ತೊಲಗಿತು ಎಂದು ಸುಕುಮಾರ ಚಹಾ ಕುಡಿಯುತ್ತಿದ್ದಾಗ ಕ್ಲಿಫರ್ಡ್ ಪೊಟರೆಗೆ ಕೈ ಹಾಕಿ ನೋಡಿದ.

“ಇದರಲ್ಲಿದ್ದ ಬೂಟು ಎಲ್ಲುಂಟು?”

“ನಾನು ತೆಗೆದೆ ಸರ್. ತೊಲೆಯಲ್ಲಿ ಎಂತಕ್ಕೆ ಅದು?”

“ಅಯ್ಯೋ ಮಾರಾಯ್ರೆ! ಅದನ್ನು ಮುಟ್ಟಬೇಡಿ ಅಂತ ಮನೆ ಬಿಚ್ಚಿದವರು ಫೋನಲ್ಲಿ ಹೇಳಿದ್ರು. ನಿಮಗೆ ಹೇಳ್ಲಿಕ್ಕೆ ನಾನೇ ಮರ್ತೆ. ಹೊಗೆಗೂಡಿನಿಂದ ಇಳಿದು ಬರುವ ಪೀಡೆ, ಮಗು ಉಂಟು ಅಂತ ಬೂಟಿನೊಳಗೆ ಹೊಕ್ಕುತ್ತದಂತೆ. ಹೊಕ್ಕ ಮೇಲೆ ತಿರುಗಿ ಹೊರಗೆ ಬರ್ಲಿಕ್ಕೆ ಆಗುದಿಲ್ಲ. ಮನೆಯ ಮಗು ಉಳೀತದೆ. ನೀವು ಊರಲ್ಲಿ ಮನೆ ಕಟ್ಟುವಾಗ ಹರ್ದ ಚಪ್ಪಲಿ ಕಟ್ಟಿರ್ಲಿಲ್ವಾ? ಅದೇ ಲೆಕ್ಕ.”

ಕಟ್ಟಿದ್ದ. ಮೂಲ್ಕಿಯ ಮನೆಗೆ ದೃಷ್ಟಿ ತಾಗದಿರಲೆಂದು ತನ್ನ ಕೈಯಾರೆ ಕಟ್ಟಿದ್ದ. ಇಲ್ಲಿ ಮಾತ್ರ ಬುದ್ಧಿಗೆ ಮಂಕು ಕವಿದಿತ್ತು.

ಓಡಿಹೋಗಿ ಡಿಕ್ಕಿ ತೆರೆದ. ಕಾಗದ ಮಾತ್ರ ಇತ್ತು. ನಿನ್ನೆ ಸಂಜೆ ಹೆಂಡತಿ ರಾಜೀವಿ ಅದೇ ಕಾರಿನಲ್ಲಿ ಮಗಳನ್ನು ಕೂರಿಸಿಕೊಂಡು ಫಿಂಟಾಸಿಗೆ ಸಾಮಾನು ತರಲು ಹೋಗಿದ್ದಳು. ಶೆಡ್ಡಿನಲ್ಲಿ ಸದ್ದು ನಿಂತದ್ದು ಅದಾದ ಮೇಲೆ. ಸುಕುಮಾರ ಕಾರು ಹತ್ತಿ ಮನೆಯತ್ತ ಓಡಿಸಿದ.

ಅಬು ಹಲೀಫಾದ ತನ್ನ ಫ್ಲಾಟಿನ ಬಾಗಿಲು ತೆರೆದಾಗ ಅನ್ವಿತಾ ಅತ್ತಿಂದಿತ್ತ ನಡೆಯುತ್ತಿದ್ದಳು. ಟಕ್, ತಪ್.

“ತೆಗಿ ಮಗಾ ಅದನ್ನು!”

“ಇಟ್ ಫಿಟ್ಸ್ ಮಿ, ಪಪ್ಪಾ.”

“ನಿನ್ನೆಯಿಂದ ಹೇಳ್ತಾ ಇದ್ದೇನೆ, ಕೇಳುದೇ ಇಲ್ಲ. ಮಲಗುವಾಗ್ಲೂ ಹಾಕಿಕೊಂಡಿದ್ಲು” ಎಂದಳು ಅಡುಗೆಮನೆಯಿಂದ ರಾಜೀವಿ.

ಸುಕುಮಾರ ಮಂಡಿಯೂರಿದ. ದಾರ ಬಿಚ್ಚಿದ. ಬೂಟು ಸಲೀಸಾಗಿ ಕಳಚಿ ಬಂತು. ಈಗಲೇ ಹೋಗಿ ಪೊಟರೆಯೊಳಗಿಟ್ಟು ಬೆಣೆ ಬಡಿಯುತ್ತೇನೆ, ನನ್ನ ಮಗಳೊಬ್ಬಳು ಉಳಿಯಲಿ ಎಂದು ಊರಿನ ದೈವಗಳಿಗೆಲ್ಲ ಹರಕೆ ಹೊತ್ತ.

ಅನ್ವಿತಾ ಬರಿಗಾಲಲ್ಲಿ ಎದ್ದು ಒಳಕೋಣೆಗೆ ನಡೆದಳು.

ಟಕ್, ತಪ್. ಟಕ್, ತಪ್.

ಬೂಟು ಸುಕುಮಾರನ ಕೈಯಲ್ಲೇ ಇತ್ತು.